ಲೋ ಫ್ಲೋರ್ ಬಸ್ ಬಂದರೆ ಎಲ್ಲರೂ ಸಲೀಸಾಗಿ ಹತ್ತಬಹುದೇ? ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು, ಬಿಟ್ಟುಹೋಗಿರುವುದು ಏನು?

ಒಂದೇ ನೋಟದಲ್ಲಿ

• ಲೋ ಫ್ಲೋರ್ ಬಸ್ ಅಂದರೆ ಎಸಿ ಬಸ್ ಅಲ್ಲ. ಬಾಗಿಲಲ್ಲಿ ಮೆಟ್ಟಿಲಿಲ್ಲದ, ಒಳಗಿನ ನೆಲ ರಸ್ತೆಯಿಂದ ಸುಮಾರು 40 ಸೆಂ.ಮೀ. ಎತ್ತರದಲ್ಲಿರುವ ಬಸ್.
• "ನಮ್ಮ ರಸ್ತೆಗೆ, ನಮ್ಮ ಹಂಪ್‌ಗೆ ಇದು ಆಗಿಬರಲ್ಲ" ಎನ್ನುವುದು ಅರ್ಧ ಸತ್ಯ. ನಿಯಮದಂತೆ ಕಟ್ಟಿದ ಹಂಪ್‌ನಿಂದ ತೊಂದರೆಯಿಲ್ಲ.
• "ಮಳೆನೀರಲ್ಲಿ ಎಲೆಕ್ಟ್ರಿಕ್ ಬಸ್ ಶಾಕ್ ಹೊಡೆಯುತ್ತದೆ" ಎನ್ನುವುದು ದಾರಿ ತಪ್ಪಿಸುವ ಮಾತು.
• "ಲೋ ಫ್ಲೋರ್ ಬಸ್ ಬಂತು, ಇನ್ನು ಎಲ್ಲರೂ ಹತ್ತಬಹುದು" ಎನ್ನುವುದೂ ಅರ್ಧ ಸತ್ಯವೇ. ಬಸ್ ಬಗ್ಗಿದರೆ ಸಾಲದು, ಬಸ್ ಸ್ಟಾಪ್ ಕೂಡ ಏರಬೇಕು.

ಬೆಂಗಳೂರಿನ ರಸ್ತೆಗೆ ಹೊಸ ಬಗೆಯ ಬಸ್ ಬಂದಾಗಲೆಲ್ಲ ವಾಟ್ಸಾಪ್‌ನಲ್ಲಿ ಎರಡು ಥರದ ಸಂದೇಶಗಳು ಓಡಾಡುತ್ತವೆ. ಒಂದು, ಹೊಗಳಿಕೆಯದು: "ಇನ್ನು ವಯಸ್ಸಾದವರು, ವೀಲ್‌ಚೇರ್‌ನವರು ಯಾರ ಸಹಾಯವೂ ಇಲ್ಲದೆ ಬಸ್ ಹತ್ತಬಹುದು, ಹೆಮ್ಮೆಯಿಂದ ಶೇರ್ ಮಾಡಿ." ಇನ್ನೊಂದು, ತೆಗಳಿಕೆಯದು: "ಇದೆಲ್ಲ ಫಾರಿನ್‌ಗೆ ಸರಿ, ನಮ್ಮ ಗುಂಡಿಗಳಿಗೆ ಅಲ್ಲ. ಒಂದು ಮಳೆ ಬಂದರೆ ಗೊತ್ತಾಗುತ್ತೆ." ಎರಡನ್ನೂ ಕಳಿಸುವವರು ಒಳ್ಳೆಯ ಮನಸ್ಸಿನಿಂದಲೇ ಕಳಿಸಿರುತ್ತಾರೆ. ಆದರೆ ಎರಡೂ ಬಸ್ಸನ್ನು ಮಾತ್ರ ನೋಡುತ್ತವೆ, ಬಸ್ ಬಂದು ನಿಲ್ಲುವ ಜಾಗವನ್ನು ನೋಡುವುದಿಲ್ಲ. ಈ ಲೇಖನದಲ್ಲಿ ಒಂದೊಂದಾಗಿ ಪರಿಶೀಲಿಸೋಣ.

ಲೋ ಫ್ಲೋರ್ ಅಂದರೆ ಏನು?

ಬಸ್ಸಿನ ಒಳಗಿನ ನೆಲ ರಸ್ತೆಯಿಂದ ಎಷ್ಟು ಎತ್ತರದಲ್ಲಿದೆ ಎನ್ನುವುದರ ಮೇಲೆ ನಗರದ ಬಸ್‌ಗಳನ್ನು ನಮ್ಮ ದೇಶದಲ್ಲಿ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಕೇಂದ್ರ ಸರ್ಕಾರದ ನಗರ ಬಸ್ ಮಾನದಂಡದ ಪ್ರಕಾರ ಮಾಮೂಲಿ ಬಸ್ಸಿನ ನೆಲ 900 ಮಿಲಿಮೀಟರ್, ಸೆಮಿ ಲೋ ಫ್ಲೋರ್ 650 ಮಿಲಿಮೀಟರ್, ಲೋ ಫ್ಲೋರ್ 400 ಮಿಲಿಮೀಟರ್.

ಮನೆಮಾತಿನ ಲೆಕ್ಕದಲ್ಲಿ ಹೇಳುವುದಾದರೆ ಮಾಮೂಲಿ ಬಸ್ಸಿನ ನೆಲ ಎರಡು ಮೊಳ ಎತ್ತರ, ಲೋ ಫ್ಲೋರ್ ಬಸ್ಸಿನದು ಒಂದು ಮೊಳಕ್ಕಿಂತ ಸ್ವಲ್ಪ ಕಡಿಮೆ. ಎರಡು ಮೊಳ ಎತ್ತರಕ್ಕೆ ಹೋಗಬೇಕಾದರೆ ಬಾಗಿಲಲ್ಲಿ ಮೆಟ್ಟಿಲು ಬೇಕೇ ಬೇಕು. ಒಳಗೆ 25 ಸೆಂ.ಮೀ.ನ ಎರಡು ಏರಿಕೆ ಇಟ್ಟರೂ ರಸ್ತೆಯಿಂದ ಮೊದಲ ಮೆಟ್ಟಿಲಿಗೆ 40 ಸೆಂ.ಮೀ. ಉಳಿಯುತ್ತದೆ. ನಮ್ಮ ಮನೆಗಳ ಮೆಟ್ಟಿಲು ಸಾಮಾನ್ಯವಾಗಿ 15ರಿಂದ 18 ಸೆಂ.ಮೀ. ಎತ್ತರ ಇರುತ್ತದೆ. ಅಂದರೆ ಮಾಮೂಲಿ ಬಸ್ಸಿನ ಮೊದಲ ಮೆಟ್ಟಿಲು ಮನೆಯ ಎರಡು ಮೆಟ್ಟಿಲನ್ನು ಒಟ್ಟಿಗೆ ಹತ್ತಿದ ಹಾಗೆ. ಮಂಡಿನೋವಿನ ಅಜ್ಜಿ ಕಂಬಿ ಹಿಡಿದು "ಒಂದ್ನಿಮಿಷ ಇರಪ್ಪಾ" ಎನ್ನುವುದು ಇದಕ್ಕೇ.

ಹಾಗಾದರೆ ಎಲ್ಲ ಬಸ್ಸಿನ ನೆಲವನ್ನೂ ಕೆಳಗಿಳಿಸಿಬಿಡಬಹುದಲ್ಲ? ಅಷ್ಟು ಸುಲಭವಿಲ್ಲ. ಮಾಮೂಲಿ ಬಸ್ಸನ್ನು ಕಟ್ಟುವುದು ಹೆಚ್ಚುಕಡಿಮೆ ಲಾರಿಯ ಚಾಸಿ ಮೇಲೆ. ಕೆಳಗೆ ಉದ್ದಕ್ಕೆ ಕಬ್ಬಿಣದ ಚೌಕಟ್ಟು, ಅಡ್ಡಕ್ಕೆ ಆ್ಯಕ್ಸಲ್, ನಡುವೆ ಎಂಜಿನ್‌ನಿಂದ ಹಿಂದಿನ ಗಾಲಿಗೆ ಹೋಗುವ ತಿರುಗುವ ದಂಡ. ಇವೆಲ್ಲದರ ಮೇಲೆ ನೆಲ ಹಾಸಬೇಕು, ಹಾಗಾಗಿ ನೆಲ ಎತ್ತರ. ಲೋ ಫ್ಲೋರ್ ಬಸ್ಸನ್ನು ಮೊದಲಿನಿಂದಲೇ ಬೇರೆ ರೀತಿಯಲ್ಲಿ ವಿನ್ಯಾಸ ಮಾಡುತ್ತಾರೆ. ಎಂಜಿನ್ ಹಿಂದಕ್ಕೆ ಹೋಗುತ್ತದೆ, ಮುಂದಿನ ಆ್ಯಕ್ಸಲ್ ನಡುವೆ ತಗ್ಗಾಗಿರುತ್ತದೆ, ಸ್ಪ್ರಿಂಗ್ ಪಟ್ಟಿಗಳ ಬದಲು ಗಾಳಿ ತುಂಬಿದ ಚೀಲಗಳ ಸಸ್ಪೆನ್ಷನ್ ಬರುತ್ತದೆ. ಈ ಗಾಳಿಯನ್ನು ಸ್ವಲ್ಪ ಬಿಟ್ಟರೆ ಬಾಗಿಲಿನ ಕಡೆ ಬಸ್ ಬಗ್ಗುತ್ತದೆ. ಇದನ್ನೇ ನೀಲಿಂಗ್, ಅಂದರೆ ಮಂಡಿಯೂರುವುದು ಎನ್ನುತ್ತಾರೆ. ಆರೇಳು ಸೆಂ.ಮೀ.ನಷ್ಟು ಎತ್ತರ ಇದರಿಂದ ಕಡಿಮೆಯಾಗುತ್ತದೆ.

ಬೆಲೆ ಜಾಸ್ತಿಯಾಗುವುದು ಇಂಥ ಭಾಗಗಳಿಂದ. ಜೊತೆಗೆ ಗಾಲಿಗಳ ಉಬ್ಬು ಒಳಗೆ ಜಾಗ ತಿನ್ನುವುದರಿಂದ ಕೆಲವು ಸೀಟು ಕಡಿಮೆಯಾಗುತ್ತದೆ.

ಹೇಳಿಕೆ 1: "ಲೋ ಫ್ಲೋರ್ ಅಂದರೆ ಎಸಿ ಬಸ್, ದುಡ್ಡಿದ್ದವರ ಬಸ್"

ಇದು ತಪ್ಪು. ಆದರೆ ಈ ತಪ್ಪು ಕಲ್ಪನೆ ಎಲ್ಲಿಂದ ಬಂತು ಎನ್ನುವುದು ನಮ್ಮ ಊರಿನ ಕಥೆ.

ಬೆಂಗಳೂರಿನವರಿಗೆ ಮೆಟ್ಟಿಲಿಲ್ಲದ ಬಸ್ಸಿನ ಪರಿಚಯವಾದದ್ದು 2006ರ ಸುಮಾರಿಗೆ, ಬಿಎಂಟಿಸಿಯ ಕೆಂಪು ವೋಲ್ವೊ ಬಸ್‌ಗಳಿಂದ. ನಗರ ಸಾರಿಗೆಗೆ ವೋಲ್ವೊ ತಂದ ದೇಶದ ಮೊದಲ ಊರು ನಮ್ಮದೇ. ವಜ್ರ ಎಂಬ ಹೆಸರಲ್ಲಿ ಅವು ಓಡಿದವು. 2008ರಲ್ಲಿ ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣ ಶುರುವಾದಾಗ ವಾಯುವಜ್ರವೂ ಬಂತು. ಆ ಬಸ್ಸಿನ ಮಾದರಿ ಬಿ7ಆರ್‌ಎಲ್‌ಇ. ಕೊನೆಯ ಎಲ್‌ಇ ಅಂದರೆ ಲೋ ಎಂಟ್ರಿ. ಮುಂದಿನ ಬಾಗಿಲಿನಿಂದ ನಡುವಿನ ಬಾಗಿಲಿನವರೆಗೆ ನೆಲ ತಗ್ಗು, ಅಲ್ಲಿಂದ ಹಿಂದಕ್ಕೆ ಮೆಟ್ಟಿಲು. ಹಿಂದೆ ಎಂಜಿನ್ ಇರುವುದರಿಂದ ಹಾಗೆ.

ತಗ್ಗು ನೆಲ ಮತ್ತು ಎಸಿ ಒಂದೇ ಬಸ್ಸಿನಲ್ಲಿ ಬಂದದ್ದರಿಂದ ಎರಡೂ ಒಂದೇ ಎಂಬ ಭಾವನೆ ಗಟ್ಟಿಯಾಯಿತು. ವಿಪರ್ಯಾಸ ನೋಡಿ. ಮೆಟ್ಟಿಲಿಲ್ಲದ ಬಸ್ಸಿನ ಅಗತ್ಯ ಹೆಚ್ಚಾಗಿದ್ದದ್ದು ಪಿಂಚಣಿಯಲ್ಲಿ ಬದುಕುವ ಹಿರಿಯರಿಗೆ, ಹೂವು ತರಕಾರಿ ಮೂಟೆ ಹೊರುವವರಿಗೆ, ಆಸ್ಪತ್ರೆಗೆ ಹೋಗುವ ಬಡವರಿಗೆ. ಅದು ಸಿಕ್ಕಿದ್ದು ಮಾತ್ರ ಹೆಚ್ಚು ಟಿಕೆಟ್ ದರ ಕೊಡಬಲ್ಲವರಿಗೆ. ಮಾಮೂಲಿ ದರದ ಬಸ್ ಹತ್ತುವವರು ಮೊದಲಿನ ಹಾಗೆಯೇ ಕಂಬಿ ಹಿಡಿದು ಏರುತ್ತಿದ್ದರು.

ಇದು ಬದಲಾಗಲು ಬಹಳ ವರ್ಷ ಬೇಕಾಯಿತು. 2023ರ ಡಿಸೆಂಬರ್ 26ರಂದು ವಿಧಾನಸೌಧದ ಮುಂದೆ ಮುಖ್ಯಮಂತ್ರಿಗಳು 100 ಹೊಸ ಎಲೆಕ್ಟ್ರಿಕ್ ಬಸ್‌ಗಳಿಗೆ ಚಾಲನೆ ಕೊಟ್ಟರು. 12 ಮೀಟರ್ ಉದ್ದದ, ಟಾಟಾ ಕಂಪನಿಯ ಲೋ ಫ್ಲೋರ್ ಬಸ್‌ಗಳವು. ಒಟ್ಟು 921 ಬಸ್‌ಗಳ ಒಪ್ಪಂದದ ಮೊದಲ ಕಂತು. ಇವು ಎಸಿ ಅಲ್ಲ, ಟಿಕೆಟ್ ದರವೂ ಮಾಮೂಲಿಯದೇ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಇರುವ ಉಚಿತ ಪ್ರಯಾಣ ಇವುಗಳಿಗೂ ಅನ್ವಯ. ಅಂದರೆ ತಗ್ಗು ನೆಲ ಮತ್ತು ಮಾಮೂಲಿ ದರ ಬೆಂಗಳೂರಿನಲ್ಲಿ ದೊಡ್ಡ ಸಂಖ್ಯೆಯಲ್ಲಿ ಒಟ್ಟಿಗೆ ಬರುತ್ತಿರುವುದು ಈಗ. ಈ ಬದಲಾವಣೆಯ ಮಹತ್ವ ಬ್ಯಾಟರಿಯ ಸುದ್ದಿಯ ನಡುವೆ ಮುಚ್ಚಿಹೋಯಿತು.

ಹೇಳಿಕೆ 2: "ನಮ್ಮ ಹಂಪ್‌ಗಳಿಗೆ ಹೊಟ್ಟೆ ತಾಗುತ್ತೆ, ಈ ಬಸ್ ಇಲ್ಲಿ ಓಡಲ್ಲ"

ಅರ್ಧ ಸತ್ಯ. ಮೊದಲು ಒಂದು ಗೊಂದಲ ಬಗೆಹರಿಸೋಣ. ನೆಲ 40 ಸೆಂ.ಮೀ. ಎತ್ತರದಲ್ಲಿದೆ ಎಂದರೆ ಬಸ್ಸಿನ ಹೊಟ್ಟೆಯೂ ಅಷ್ಟೇ ಎತ್ತರದಲ್ಲಿದೆ ಎಂದಲ್ಲ. ನೆಲದ ಹಲಗೆ, ಅದರಡಿಯ ಚೌಕಟ್ಟು ಕಳೆದು ಉಳಿಯುವ ಅಂತರವೇ ಹಂಪ್ ದಾಟುವಾಗ ಲೆಕ್ಕಕ್ಕೆ ಬರುವುದು. ಮಾಮೂಲಿ ಬಸ್ಸಿಗಿಂತ ಇದು ಕಡಿಮೆ ಎನ್ನುವುದು ನಿಜ.

ಆದರೆ ಹಂಪ್ ಎಷ್ಟು ಎತ್ತರ ಇರಬೇಕು? ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ ಇದಕ್ಕೂ ಇದೆ. ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, ಮೇಲೆ ಬೋರಲು ಹಾಕಿದ ತಟ್ಟೆಯಂತೆ ನಯವಾದ ಬಾಗು. ಇಂಥ ಹಂಪ್‌ನ ಮೇಲೆ ನಿಧಾನವಾಗಿ ಹೋದರೆ ಲೋ ಫ್ಲೋರ್ ಬಸ್ಸಿಗೆ ಏನೂ ಆಗುವುದಿಲ್ಲ. ಇಂಥ ಅನೇಕ ಬಸ್‌ಗಳಲ್ಲಿ ಬಗ್ಗುವ ಸೌಲಭ್ಯದ ಜೊತೆಗೆ ಸ್ವಲ್ಪ ಮೇಲೇಳುವ ಸೌಲಭ್ಯವೂ ಇರುತ್ತದೆ. ಕಷ್ಟ ಬರುವುದು ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲುವ ಹಂಪ್‌ಗಳಿಂದ. ಎರಡಡಿ ಅಗಲ, ಮುಕ್ಕಾಲು ಅಡಿ ಎತ್ತರ, ಬಿಳಿ ಪಟ್ಟೆಯೂ ಇಲ್ಲ. ಅವು ಬಸ್ಸಿನ ಹೊಟ್ಟೆಯನ್ನಷ್ಟೇ ಅಲ್ಲ, ಸ್ಕೂಟರಿನಲ್ಲಿ ಹೋಗುವವರ ಬೆನ್ನನ್ನೂ ಮುರಿಯುತ್ತವೆ.

ಈ ವಾದ ಚೆನ್ನೈನಲ್ಲಿ ನ್ಯಾಯಾಲಯದವರೆಗೂ ಹೋಗಿತ್ತು. ಸರ್ಕಾರ ಕೊಳ್ಳುವ ಬಸ್‌ಗಳು ಲೋ ಫ್ಲೋರ್ ಆಗಿರಬೇಕು ಎಂದು ವಿಕಲಚೇತನರ ಹಕ್ಕುಗಳ ಕಾರ್ಯಕರ್ತರು ಮದ್ರಾಸ್ ಹೈಕೋರ್ಟ್‌ಗೆ ಹೋದರು. ಕಿರಿದಾದ ರಸ್ತೆ, ಗುಂಡಿ, ಮಳೆನೀರು ಎಂಬ ಕಾರಣಗಳು ಸರ್ಕಾರದ ಕಡೆಯಿಂದ ಬಂದವು. ಕೊನೆಗೆ 2024ರ ಆಗಸ್ಟ್‌ನಲ್ಲಿ ಚೆನ್ನೈನ ರಸ್ತೆಗೆ ಲೋ ಫ್ಲೋರ್ ಬಸ್‌ಗಳು ಇಳಿದವು. ಬೆಂಗಳೂರಿನ ಅನುಭವವೂ ಇದನ್ನೇ ಹೇಳುತ್ತದೆ. ಇದೇ ಗುಂಡಿ, ಇದೇ ಮಳೆಯ ನಡುವೆ ವೋಲ್ವೊಗಳು ವರ್ಷಗಟ್ಟಲೆ ಓಡಿವೆ.

ಆದ್ದರಿಂದ ಸರಿಯಾದ ಪ್ರಶ್ನೆ "ಈ ಬಸ್ ನಮ್ಮ ರಸ್ತೆಗೆ ಆಗುತ್ತಾ?" ಎನ್ನುವುದಲ್ಲ. "ಈ ರಸ್ತೆಯಲ್ಲಿ ಯಾವ ಹಂಪ್ ಸರಿಮಾಡಿದರೆ ಈ ಬಸ್ ಓಡುತ್ತೆ?" ಎನ್ನುವುದು. ರಸ್ತೆ ಕೆಟ್ಟಿದೆ ಎಂದು ಬಸ್ ಬೇಡ ಎನ್ನುವುದು, ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡ ಹಾಗೆ.

ಹೇಳಿಕೆ 3: "ನೀರು ನಿಂತ ರಸ್ತೆಯಲ್ಲಿ ಎಲೆಕ್ಟ್ರಿಕ್ ಲೋ ಫ್ಲೋರ್ ಬಸ್ ಶಾಕ್ ಹೊಡೆಯುತ್ತೆ"

ದಾರಿ ತಪ್ಪಿಸುವ ಮಾತು. ಎಲೆಕ್ಟ್ರಿಕ್ ಬಸ್ಸಿನ ಹೈ ವೋಲ್ಟೇಜ್ ವೈರುಗಳು ಬಸ್ಸಿನ ಬಾಡಿಗೆ ಸೇರಿರುವುದಿಲ್ಲ, ಎರಡೂ ಬೇರೆ ಬೇರೆ. ಎಲ್ಲಾದರೂ ಸೋರಿಕೆ ಶುರುವಾಗಿದೆಯೇ ಎಂದು ಒಂದು ಸಾಧನ ಸದಾ ಅಳೆಯುತ್ತಿರುತ್ತದೆ, ಇದ್ದರೆ ಸಂಪರ್ಕ ಕಡಿದುಹೋಗುವ ವ್ಯವಸ್ಥೆ ಇರುತ್ತದೆ. ಬ್ಯಾಟರಿಗಳನ್ನು ನೀರು, ಧೂಳು ಹೊಗದಂತೆ ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಇಂಥ ಪೆಟ್ಟಿಗೆಗಳ ಮೇಲೆ ಐಪಿ67 ಎಂಬ ಗುರುತು ಕಾಣುತ್ತದೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಒಳಗೆ ನೀರು ಹೋಗಬಾರದು ಎನ್ನುವುದು ಆ ಗುರುತಿನ ಅರ್ಥ.

ಹಾಗಂತ ಯಾವ ಬಸ್ ಬೇಕಾದರೂ ಎಷ್ಟು ನೀರಿಗೆ ಬೇಕಾದರೂ ನುಗ್ಗಬಹುದು ಎಂದಲ್ಲ. ನೆಲ ತಗ್ಗಾಗಿರುವುದರಿಂದ ಮಂಡಿಮಟ್ಟದ ನೀರು ನಿಂತರೆ ಬಾಗಿಲಿನಿಂದ ಒಳಗೆ ಬರಬಹುದು. ಅಷ್ಟು ನೀರಿರುವ ಅಂಡರ್‌ಪಾಸ್‌ಗೆ ಡೀಸೆಲ್ ಬಸ್ಸೂ ಇಳಿಯಬಾರದು, ಕಾರೂ ಇಳಿಯಬಾರದು. ಅಲ್ಲಿರುವ ಅಪಾಯ ಶಾಕ್‌ನದಲ್ಲ, ಮುಳುಗುವುದು.

ಹೇಳಿಕೆ 4: "ವೀಲ್‌ಚೇರ್‌ನವರು ಬಸ್ಸಲ್ಲಿ ಓಡಾಡೋದೇ ಇಲ್ಲ, ಯಾರಿಗೋಸ್ಕರ ಇಷ್ಟು ಖರ್ಚು?"

ಇದು ತಿರುಗುಮುರುಗು ವಾದ. ಹತ್ತಲು ಆಗದ ಬಸ್ಸಿನಲ್ಲಿ ಯಾರೂ ಕಾಣುವುದಿಲ್ಲ. ಕಾಣುವುದಿಲ್ಲ ಎಂದು ಹತ್ತುವ ವ್ಯವಸ್ಥೆ ಮಾಡುವುದಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ಅವರಲ್ಲಿ ಎಲ್ಲರೂ ವೀಲ್‌ಚೇರ್ ಬಳಸುವವರಲ್ಲ. ಊರುಗೋಲು ಹಿಡಿದವರಿದ್ದಾರೆ, ಕಣ್ಣು ಕಾಣದವರಿದ್ದಾರೆ.

ಈ ಲೆಕ್ಕಕ್ಕೆ ಸೇರದವರೂ ಇದ್ದಾರೆ. ತುಂಬು ಗರ್ಭಿಣಿ, ಕಂಕುಳಲ್ಲಿ ಮಗು ಎತ್ತಿಕೊಂಡ ತಾಯಿ, ಆಪರೇಷನ್ ಆಗಿ ವಾರ ಕಳೆದವರು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಹುಡುಗ, ಸೀರೆಯ ನೆರಿಗೆ ಎತ್ತಿ ಹಿಡಿದು ಎರಡೂ ಕೈಯಲ್ಲಿ ಚೀಲ ಹಿಡಿದವರು. ಇವರಲ್ಲಿ ಯಾರೂ ತಮ್ಮನ್ನು ವಿಕಲಚೇತನರು ಎಂದುಕೊಳ್ಳುವುದಿಲ್ಲ. ಆದರೆ 40 ಸೆಂ.ಮೀ.ನ ಮೊದಲ ಮೆಟ್ಟಿಲು ಇವರೆಲ್ಲರಿಗೂ ಅಡ್ಡಿಯೇ. ಹಿರಿಯರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಹಾಸಿಗೆ ಹಿಡಿಯುತ್ತಾರೆ, ಮತ್ತೆ ಮೊದಲಿನಂತೆ ಓಡಾಡಲು ಆಗದೇ ಹೋಗಬಹುದು. ಆ ಭಯಕ್ಕೇ ಎಷ್ಟೋ ಮಂದಿ ಬಸ್ ಹತ್ತುವುದನ್ನು ಬಿಡುತ್ತಾರೆ. ಮೊದಲು ದೇವಸ್ಥಾನಕ್ಕೆ ಹೋಗುವುದು ನಿಲ್ಲುತ್ತದೆ, ಆಮೇಲೆ ಮಗಳ ಮನೆಗೆ, ಕೊನೆಗೆ ಬಿಪಿ ಚೆಕಪ್‌ಗೂ "ಮುಂದಿನ ವಾರ ನೋಡೋಣ" ಎನ್ನುವಂತಾಗುತ್ತದೆ. ಮನೆಯವರು ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುತ್ತಾರೆ.

ಹೇಳಿಕೆ 5: "ಲೋ ಫ್ಲೋರ್ ಬಂತು, ಇನ್ನು ಎಲ್ಲರೂ ಹತ್ತಬಹುದು"

ಈಗ ಮುಖ್ಯ ವಿಷಯಕ್ಕೆ ಬರೋಣ. ಇದು ಹೊಗಳಿಕೆಯ ಫಾರ್ವರ್ಡ್ ಆದ್ದರಿಂದ ಯಾರೂ ಪರೀಕ್ಷೆ ಮಾಡುವುದಿಲ್ಲ. ಸ್ವಲ್ಪ ಲೆಕ್ಕ ಹಾಕೋಣ, ಕಷ್ಟದ್ದಲ್ಲ.

ಬಸ್ಸಿನ ನೆಲ 40 ಸೆಂ.ಮೀ. ಬಗ್ಗಿದರೆ 33 ಎಂದಿಟ್ಟುಕೊಳ್ಳಿ. ವೀಲ್‌ಚೇರ್‌ಗಾಗಿ ಬಾಗಿಲಲ್ಲಿ ಒಂದು ಮೀಟರ್ ಉದ್ದದ ರ‍್ಯಾಂಪ್ ಹಲಗೆ ಇದೆ ಎಂದುಕೊಳ್ಳಿ. ವೀಲ್‌ಚೇರ್‌ನವರು ತಾವೇ ತಳ್ಳಿಕೊಂಡು ಹತ್ತಲು ರ‍್ಯಾಂಪ್ ಎಷ್ಟು ಇಳಿಜಾರಾಗಿರಬೇಕು ಎನ್ನುವುದಕ್ಕೆ ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ಇದೆ. ಒಂದು ಅಡಿ ಏರಲು 12 ಅಡಿ ಉದ್ದ ಬೇಕು.

• ಬಸ್ ರಸ್ತೆಯ ಮಧ್ಯದಲ್ಲೇ ನಿಂತರೆ: ಏರಬೇಕಾದದ್ದು 33 ಸೆಂ.ಮೀ. ಒಂದು ಮೀಟರ್ ಹಲಗೆಯಲ್ಲಿ ಇಳಿಜಾರು ಮೂರಕ್ಕೆ ಒಂದು. ಇದು ಹೆಚ್ಚುಕಡಿಮೆ ಗೋಡೆ ಹತ್ತಿದ ಹಾಗೆ. ಹಿಂದಿನಿಂದ ಇಬ್ಬರು ತಳ್ಳಿದರೂ ಕುರ್ಚಿ ಹಿಂದಕ್ಕೆ ಮಗುಚುವ ಅಪಾಯ. ಮಾರ್ಗಸೂಚಿಯಂತೆ ಆಗಬೇಕಾದರೆ ಸುಮಾರು ನಾಲ್ಕು ಮೀಟರ್ ಹಲಗೆ ಬೇಕು.
• ಬಸ್ 15 ಸೆಂ.ಮೀ. ಎತ್ತರದ ಫುಟ್‌ಪಾತ್‌ಗೆ ಒತ್ತಿ ನಿಂತರೆ: ಏರಬೇಕಾದದ್ದು 18 ಸೆಂ.ಮೀ. ಇಳಿಜಾರು ಐದೂವರೆಗೆ ಒಂದು. ಒಬ್ಬರು ತಳ್ಳಿದರೆ ಆಗುತ್ತದೆ.
• ಬಸ್ ನಿಲ್ಲುವ ಜಾಗವನ್ನು ಇನ್ನೂ ಆರು ಸೆಂ.ಮೀ. ಎತ್ತರಿಸಿದ್ದರೆ: ಏರಬೇಕಾದದ್ದು 12 ಸೆಂ.ಮೀ. ಇಳಿಜಾರು ಎಂಟಕ್ಕೆ ಒಂದು. ಕೈಕೊಟ್ಟರೆ ಸಾಕು.

ಬಸ್ಸು ಅದೇ, ರ‍್ಯಾಂಪ್ ಅದೇ, ಕಂಡಕ್ಟರೂ ಅವರೇ. ಬದಲಾದದ್ದು ಬಸ್ ನಿಂತ ಜಾಗ ಮಾತ್ರ. ನಡೆದು ಹತ್ತುವವರಿಗೂ ಇದೇ ಲೆಕ್ಕ. 33 ಸೆಂ.ಮೀ. ಎತ್ತರದ ಹೆಜ್ಜೆ ಮತ್ತು 12 ಸೆಂ.ಮೀ.ನ ಹೆಜ್ಜೆ ಎರಡರ ನಡುವಿನ ವ್ಯತ್ಯಾಸ ಮಂಡಿನೋವಿದ್ದವರನ್ನು ಕೇಳಿ.

ಕೋಣನಕುಂಟೆ ಕ್ರಾಸ್‌ನಲ್ಲಿ ಎರಡೂ ಪಾಠ ಒಟ್ಟಿಗೆ

ಕನಕಪುರ ರಸ್ತೆಯ ಕೋಣನಕುಂಟೆ ಕ್ರಾಸ್‌ಗೆ ಬನ್ನಿ. ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಹಸಿರು ಮಾರ್ಗದ ಮೆಟ್ರೊ ಮುಂದುವರಿದದ್ದು 2021ರ ಜನವರಿಯಲ್ಲಿ. ಆ ಸುಮಾರು ಆರು ಕಿ.ಮೀ. ದಾರಿಯ ಮೊದಲ ನಿಲ್ದಾಣ ಇದು. ಮೇಲೆ ಪ್ಲಾಟ್‌ಫಾರಂನಲ್ಲಿ ನಿಂತು ನೋಡಿ. ರೈಲಿನ ನೆಲ, ಪ್ಲಾಟ್‌ಫಾರಂನ ನೆಲ ಹೆಚ್ಚುಕಡಿಮೆ ಒಂದೇ ಮಟ್ಟ. ಅಜ್ಜ ಊರುಗೋಲು ಊರಿಕೊಂಡೇ ಒಳಗೆ ಹೋಗುತ್ತಾರೆ, ಯಾರೂ ಕೈ ಹಿಡಿಯಬೇಕಿಲ್ಲ. ಮೆಟ್ರೊ ರೈಲನ್ನು ಯಾರೂ ಲೋ ಫ್ಲೋರ್ ಎನ್ನುವುದಿಲ್ಲ. ಅದರ ನೆಲ ಹಳಿಯಿಂದ ಎತ್ತರದಲ್ಲೇ ಇದೆ. ಹತ್ತಲು ಸುಲಭ ಏಕೆಂದರೆ ರೈಲು ಮತ್ತು ನಿಲ್ದಾಣವನ್ನು ಒಂದಕ್ಕೊಂದು ಅಳತೆ ಕೂಡಿಸಿ ಮಾಡಿದ್ದಾರೆ, ಎರಡೂ ಒಂದೇ ಸಂಸ್ಥೆಯ ಕೈಯಲ್ಲಿವೆ.

ಈಗ ಲಿಫ್ಟ್‌ನಲ್ಲಿ ಕೆಳಗಿಳಿದು ಬಸ್ಸಿಗೆ ಕಾಯುವುದನ್ನು ಯೋಚಿಸಿ. ಬಸ್ ಬಿಎಂಟಿಸಿಯದು. ಎಲೆಕ್ಟ್ರಿಕ್ ಬಸ್ ಆದರೆ ಡ್ರೈವರ್ ಬಸ್ ಒದಗಿಸುವ ಕಂಪನಿಯವರು, ಕಂಡಕ್ಟರ್ ಬಿಎಂಟಿಸಿಯವರು. ಫುಟ್‌ಪಾತ್ ಪಾಲಿಕೆಯದು. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳಾಗಿವೆ. ರಸ್ತೆ ಹೆದ್ದಾರಿ. ಬಸ್ ನಿಲ್ಲುವ ಜಾಗದಲ್ಲಿ ಆಟೊ, ಬೈಕ್ ನಿಂತಿದ್ದರೆ ತೆರವು ಮಾಡಬೇಕಾದವರು ಸಂಚಾರ ಪೊಲೀಸರು. ಒಂದು ಅಡಿ ಎತ್ತರವನ್ನು ದಾಟಿಸಲು ಇಷ್ಟೂ ಜನ ಒಂದೇ ಅಳತೆಗೆ ಒಪ್ಪಬೇಕು. ಬಸ್ಸಿನ ಮುಂದೆ ಒಂದು ಆಟೊ ನಿಂತಿದ್ದರೂ ಸಾಕು, ಡ್ರೈವರ್ ಫುಟ್‌ಪಾತ್‌ಗೆ ಒತ್ತಿ ನಿಲ್ಲಿಸಲಾರರು. ಆಗ 40 ಸೆಂ.ಮೀ.ನ ಬಸ್ 40 ಸೆಂ.ಮೀ. ಆಗಿಯೇ ಉಳಿಯುತ್ತದೆ.

ಟ್ರ್ಯಾಮ್ ಇರುವ ಊರುಗಳಲ್ಲಿ ಏನಾಯಿತು?

ಈ ಪಾಠವನ್ನು ನಮಗಿಂತ ಮೊದಲು ಕಲಿತದ್ದು ಟ್ರ್ಯಾಮ್ ಓಡಿಸುವ ನಗರಗಳು. ಟ್ರ್ಯಾಮ್ ಎಂದರೆ ರಸ್ತೆಯಲ್ಲೇ ಹಳಿ ಹಾಕಿ ಓಡಿಸುವ ಪುಟ್ಟ ರೈಲು. ನಮ್ಮ ದೇಶದಲ್ಲಿ ಈಗ ಕೋಲ್ಕತ್ತದಲ್ಲಿ ಮಾತ್ರ ಉಳಿದಿದೆ. ಚೆನ್ನೈನಲ್ಲಿ 1953ರಲ್ಲಿ, ಮುಂಬೈನಲ್ಲಿ 1964ರಲ್ಲಿ ನಿಂತುಹೋಯಿತು.

ಫ್ರಾನ್ಸಿನ ಗ್ರೆನೋಬಲ್ ನಗರ 1987ರಲ್ಲಿ ಹೊಸದಾಗಿ ಟ್ರ್ಯಾಮ್ ಶುರುಮಾಡಿದಾಗ ಅಲ್ಲಿನ ವಿಕಲಚೇತನರ ಸಂಘಟನೆಗಳು ವಿನ್ಯಾಸದ ಹಂತದಲ್ಲೇ ಪಟ್ಟು ಹಿಡಿದವು. ಅದರಿಂದಾಗಿ ಬಾಗಿಲುಗಳ ಬಳಿ ನೆಲ ರಸ್ತೆಯಿಂದ ಸುಮಾರು 35 ಸೆಂ.ಮೀ. ಮಾತ್ರ ಎತ್ತರ ಇರುವ ಟ್ರ್ಯಾಮ್ ಬಂತು, ನಿಲ್ದಾಣಗಳನ್ನೂ ಅದಕ್ಕೆ ಹೊಂದುವಂತೆ ಎತ್ತರಿಸಿದರು. ಹೊಸ ಊಟಕ್ಕೆ ಹೊಸ ಎಲೆ ಹಾಸಿದ ಹಾಗೆ ಎಲ್ಲವೂ ಒಟ್ಟಿಗೆ ಆಯಿತು.

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಸ್ಥಿತಿ ಬೇರೆ. ಅಲ್ಲಿ ಆಗಲೇ ದೊಡ್ಡ, ಹಳೆಯ ಟ್ರ್ಯಾಮ್ ಜಾಲ ಇತ್ತು. 2001ರಿಂದ ಲೋ ಫ್ಲೋರ್ ಟ್ರ್ಯಾಮ್‌ಗಳನ್ನು ಸೇರಿಸುತ್ತಾ ಬಂದರು. ಆದರೆ ಎಷ್ಟೋ ಸ್ಟಾಪ್‌ಗಳಲ್ಲಿ ಜನ ರಸ್ತೆಗೆ ಇಳಿದೇ ಹತ್ತಬೇಕಿತ್ತು. ಎಲ್ಲ ಸ್ಟಾಪ್‌ಗಳನ್ನು 2022ರೊಳಗೆ, ಎಲ್ಲ ಟ್ರ್ಯಾಮ್‌ಗಳನ್ನು 2032ರೊಳಗೆ ಎಲ್ಲರಿಗೂ ಬಳಕೆಯಾಗುವಂತೆ ಮಾಡಬೇಕೆಂದು ಆ ದೇಶದ ಕಾನೂನು ಗಡುವು ಕೊಟ್ಟಿತ್ತು. 2020ರಲ್ಲಿ ಅಲ್ಲಿನ ರಾಜ್ಯದ ಮಹಾಲೆಕ್ಕಪರಿಶೋಧಕರು ಪರಿಶೀಲಿಸಿದಾಗ ಸಿಕ್ಕ ಅಂಕಿ ಇದು: 2018-19ರಲ್ಲಿ ಲೋ ಫ್ಲೋರ್ ಟ್ರ್ಯಾಮ್ ಬಂದು ಸಮಮಟ್ಟದ ಸ್ಟಾಪ್‌ನಲ್ಲಿ ನಿಂತದ್ದು ಶೇ 15ರಷ್ಟು ಸೇವೆಗಳಲ್ಲಿ ಮಾತ್ರ.

ಹೊಸ ಟ್ರ್ಯಾಮ್ ತಂದು ಎರಡು ದಶಕ ಆಗುತ್ತಾ ಬಂದಿದ್ದರೂ ಇಷ್ಟು ಕಡಿಮೆ ಹೇಗೆ? ಗಣಿತ ಸರಳ. ಉದಾಹರಣೆಗೆ, ಒಂದು ಊರಿನಲ್ಲಿ ಅರ್ಧ ವಾಹನಗಳು ಲೋ ಫ್ಲೋರ್, ಅರ್ಧ ಸ್ಟಾಪ್‌ಗಳು ಸರಿಯಾದ ಎತ್ತರ ಎಂದುಕೊಳ್ಳಿ. ಎರಡೂ ಕೂಡಿಬರುವುದು ಅರ್ಧದಲ್ಲಿ ಅರ್ಧ, ಅಂದರೆ ಕಾಲು ಭಾಗ. ಇಳಿಯುವ ಸ್ಟಾಪ್ ಕೂಡ ಸರಿ ಇರಬೇಕಲ್ಲ? ಆಗ ಅದು ಎಂಟನೇ ಒಂದು ಭಾಗ. ವಾಹನಗಳನ್ನು ಕೊಳ್ಳುತ್ತಾ ಹೋಗಿ ಸ್ಟಾಪ್‌ಗಳನ್ನು ಮರೆತರೆ ಖರ್ಚು ಮಾಡಿದ ಹಣದ ಬಹುಪಾಲು ಕೆಲಸಕ್ಕೆ ಬರುವುದಿಲ್ಲ.

ಟ್ರ್ಯಾಮ್‌ಗೆ ಒಂದು ಅನುಕೂಲವಿದೆ. ಅದು ಹಳಿಯ ಮೇಲೆ ಬರುವುದರಿಂದ ಪ್ರತಿ ಸಲವೂ ಸ್ಟಾಪ್‌ನ ಅಂಚಿನಿಂದ ಅಷ್ಟೇ ದೂರದಲ್ಲಿ ನಿಲ್ಲುತ್ತದೆ. ಬಸ್ಸಿಗೆ ಹಳಿ ಇಲ್ಲ, ಎಲ್ಲ ಡ್ರೈವರ್ ಕೈಯಲ್ಲಿ. ಇದಕ್ಕೆ ಜರ್ಮನಿಯ ಕ್ಯಾಸೆಲ್ ಎಂಬ ಊರಿನವರು ಒಂದು ಉಪಾಯ ಕಂಡುಕೊಂಡರು. ಸ್ಟಾಪ್‌ನ ಅಂಚುಕಲ್ಲನ್ನು ಒಳಬಾಗಿನ ಆಕಾರದಲ್ಲಿ ಎರಕ ಹೊಯ್ದು ಇಟ್ಟರು. ಬಸ್ಸಿನ ಟೈರು ಅದಕ್ಕೆ ತಾಗಿ, ಕೆಡದೆ, ತಾನಾಗಿಯೇ ಅಂಚಿನ ಪಕ್ಕಕ್ಕೆ ಜಾರಿ ನಿಲ್ಲುತ್ತದೆ. ಬಸ್ಸಿನೊಳಗೆ ಇದಕ್ಕಾಗಿ ಯಾವ ಯಂತ್ರವೂ ಬೇಡ, ಬೇಕಾದದ್ದು ಸರಿಯಾದ ಆಕಾರದ ಕಲ್ಲು.

ಕಾನೂನು ಏನು ಹೇಳುತ್ತದೆ?

ಇದು ಸರ್ಕಾರದ ಉಪಕಾರವಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 41ನೇ ಕಲಂ ವಾಹನ, ಬಸ್ ನಿಲ್ದಾಣ ಮತ್ತು ರಸ್ತೆ, ಮೂರನ್ನೂ ಹೆಸರಿಸುತ್ತದೆ. ಬಸ್ ಮಾತ್ರ ಸರಿಮಾಡಿದರೆ ಸಾಕು ಎಂದು ಕಾನೂನು ಎಲ್ಲೂ ಹೇಳಿಲ್ಲ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿದರೆ ಸಾಲದು, ಕನಿಷ್ಠ ಅಂಶಗಳು ಕಡ್ಡಾಯವಾಗಬೇಕು ಎಂದು ಹೇಳಿ, ಅದಕ್ಕೆ ತಕ್ಕ ನಿಯಮ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು.

ನಿಮ್ಮ ಸ್ಟಾಪ್‌ನಲ್ಲಿ ನೀವೇ ನೋಡಬಹುದಾದ ಐದು ಸಂಗತಿ

ಒಂದು ಟೇಪು ಅಥವಾ ಮಕ್ಕಳ ಸ್ಕೇಲು ಸಾಕು. ಐದು ನಿಮಿಷದ ಕೆಲಸ.

1. ಬಸ್ ನಿಲ್ಲುವಲ್ಲಿ ಫುಟ್‌ಪಾತ್ ರಸ್ತೆಯಿಂದ ಎಷ್ಟು ಎತ್ತರ? ತೀರಾ ತಗ್ಗಿದ್ದರೆ ಬಸ್ ಬಗ್ಗಿಯೂ ಪ್ರಯೋಜನವಿಲ್ಲ.
2. ಬಸ್ ಅಂಚಿಗೆ ಒತ್ತಿ ನಿಲ್ಲಲು ಜಾಗ ಇದೆಯೇ? ಆಟೊ, ತಳ್ಳುಗಾಡಿ, ಬೈಕ್, ಚರಂಡಿಯ ಎದ್ದ ಕಲ್ಲು ಅಡ್ಡ ಇದೆಯೇ?
3. ಫುಟ್‌ಪಾತ್‌ಗೆ ವೀಲ್‌ಚೇರ್ ಹೇಗೆ ಹತ್ತುತ್ತದೆ? ಇಳಿಜಾರು ಇದೆಯೇ? ಬೈಕ್ ಬರದಿರಲಿ ಎಂದು ನೆಟ್ಟ ಕಂಬಗಳ ನಡುವೆ ವೀಲ್‌ಚೇರ್ ಹೋಗುವಷ್ಟು ಜಾಗ ಇದೆಯೇ?
4. ಬಾಗಿಲು ತೆರೆಯುವ ಜಾಗದಲ್ಲಿ ಮರ, ಕಂಬ, ಟ್ರಾನ್ಸ್‌ಫಾರ್ಮರ್ ಇಲ್ಲ ತಾನೇ? ರ‍್ಯಾಂಪ್ ಬಿಚ್ಚಲು ಜಾಗ ಬೇಕು.
5. ಡ್ರೈವರ್ ಬಸ್ಸನ್ನು ಬಗ್ಗಿಸಿದರೇ? ಕೇಳಿದಾಗ ಕಂಡಕ್ಟರ್ ರ‍್ಯಾಂಪ್ ಬಿಚ್ಚಿದರೇ?

ಉತ್ತರಗಳನ್ನು ಫೋಟೊ ಸಮೇತ ಬರೆದಿಡಿ. ಮೊದಲ ನಾಲ್ಕು ನಿಮ್ಮ ಪಾಲಿಕೆಗೆ, ಐದನೆಯದು ಬಿಎಂಟಿಸಿಗೆ ಹೋಗಬೇಕಾದ ದೂರು. ಅಡ್ಡ ನಿಂತ ವಾಹನಗಳ ವಿಷಯ ಸಂಚಾರ ಪೊಲೀಸರಿಗೂ ಹೋಗಲಿ. ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೆ ಮೇಲಿನ ಕಾಯ್ದೆಯಡಿಯೇ ರಾಜ್ಯದಲ್ಲಿ ವಿಕಲಚೇತನರ ಆಯುಕ್ತರಿದ್ದಾರೆ, ಅವರಿಗೆ ಬರೆಯಬಹುದು. "ಬಸ್ ಸ್ಟಾಪ್ ಸರಿಯಿಲ್ಲ" ಎಂದು ಬರೆದರೆ ಉತ್ತರ ಬರುವುದು ಕಷ್ಟ. "ಇಂಥ ಸ್ಟಾಪ್‌ನಲ್ಲಿ ಫುಟ್‌ಪಾತ್ 4 ಸೆಂ.ಮೀ. ಇದೆ, ಬಸ್ಸಿನ ನೆಲ 40 ಇದೆ" ಎಂದು ಅಳತೆ ಹಾಕಿ ಬರೆದರೆ ಜಾರಿಕೊಳ್ಳುವುದು ಕಷ್ಟ.

ನಮ್ಮ ತೀರ್ಮಾನ

ಲೋ ಫ್ಲೋರ್ ಬಸ್ ನಮ್ಮ ಊರಿಗೆ ಆಗಿಬರುವುದಿಲ್ಲ ಎನ್ನುವ ಫಾರ್ವರ್ಡ್ ತಪ್ಪು. ಅದು ಬಂದದ್ದರಿಂದಲೇ ಎಲ್ಲರೂ ಹತ್ತಬಹುದು ಎನ್ನುವ ಫಾರ್ವರ್ಡ್ ಅಪೂರ್ಣ. ಬಸ್ ತನ್ನ ಪಾಲಿನ ಎತ್ತರವನ್ನು ಇಳಿಸಿದೆ, ಮಿಕ್ಕದ್ದನ್ನು ಸ್ಟಾಪ್ ಏರಿಸಬೇಕು. ಬಸ್ ಕೊಳ್ಳಲು ಟೆಂಡರ್, ಒಪ್ಪಂದ, ಕೋಟಿಗಟ್ಟಲೆ ಹಣ ಬೇಕು. ಒಂದು ಸ್ಟಾಪ್‌ನ ಅಂಚುಕಲ್ಲು ಸರಿಮಾಡಲು ಅಷ್ಟೆಲ್ಲ ಬೇಕಿಲ್ಲ. ಹೊಸ ಬಸ್ಸಿನ ಫೋಟೊ ನಿಮ್ಮ ಗುಂಪಿಗೆ ಬಂದಾಗ ಧಾರಾಳವಾಗಿ ಫಾರ್ವರ್ಡ್ ಮಾಡಿ. ಜೊತೆಗೆ ನಿಮ್ಮ ಸ್ಟಾಪ್‌ನ ಫೋಟೊ ಒಂದನ್ನೂ, ಅಳತೆ ಬರೆದು, ಸೇರಿಸಿ ಕಳಿಸಿ.